ಹದಿನಾರು ಕಡ್ಡಿಯ ಕೊಡೆ

ನಮ್ಮೂರಿನ ಗಂಡಸರು ಬಿಸಿಲಿಗೆ ಕೊಡೆ ಹಿಡಿಯುತ್ತಾರೆ, ಮಳೆಗೆ ಹಿಡಿಯುವುದಿಲ್ಲ. ಮಳೆಗಾಲ ಬಂತೆಂದರೆ ಅರವತ್ತು ದಾಟಿದ ಮೇಷ್ಟ್ರುಗಳೂ ತಲೆಯ ಮೇಲೆ ಒಂದು ಟವೆಲ್ಲೂ ಇಲ್ಲದೆ, ತೊಪ್ಪೆಯಾಗಿ ನೆನೆದುಕೊಂಡು, ಏನೋ ಗುನುಗುತ್ತಾ ಬೀದಿ ತುಂಬಾ ಓಡಾಡುತ್ತಾರೆ. ಮೋಡ ಕವಿದ ದಿನ ನೆರಳು ಬೀಳುವುದಿಲ್ಲವಲ್ಲ, ಅದಕ್ಕೆ. ನಾನು ಕೊಡೆ ರಿಪೇರಿಯವನು, ಹೆಸರು ತಿಪ್ಪೇಶಿ. ಬೇರೆ ಊರಿನ ಕೊಡೆ ರಿಪೇರಿಯವರಿಗೆ ಮಳೆಗಾಲ ಹಬ್ಬ, ನನಗೆ ಉಪವಾಸ. ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದರೆ ನನ್ನ ಅಂಗಡಿಯ ಮುಂದೆ ಸಾಲು ನಿಲ್ಲುತ್ತದೆ.

ಗಂಡಸರ ನೆರಳು ನಮ್ಮೂರಲ್ಲಿ ಗಂಡಸರ ಮಾತು ಕೇಳುವುದಿಲ್ಲ. ಮೇಲೆ ಆಸಾಮಿ ಎದೆ ಸೆಟೆಸಿ ನಿಂತಿರುತ್ತಾನೆ, ಕೆಳಗೆ ಅವನ ನೆರಳು ಮೊಣಕಾಲಿನ ನಡುವೆ ತಲೆ ಇಟ್ಟುಕೊಂಡು ಕುಕ್ಕರಗಾಲಲ್ಲಿ ಕೂತಿರುತ್ತದೆ. ಪಂಚಾಯ್ತಿ ಅಧ್ಯಕ್ಷರು ಧ್ವಜ ಹಾರಿಸಿ ಗಂಟೆಗಟ್ಟಲೆ ಭಾಷಣ ಬಿಗಿದರೆ ಅವರ ನೆರಳು ಅಷ್ಟು ಹೊತ್ತೂ ಉಗುರು ಕಚ್ಚುತ್ತಿರುತ್ತದೆ. ಮುಖದಲ್ಲಿ ಒಂದು ದಿನವೂ ನಗು ಕಾಣಿಸದ ಹೆಡ್ಮಾಸ್ತರರ ನೆರಳು ಪರೀಕ್ಷೆ ಮುಗಿದ ದಿನ ಶಾಲೆಯ ಬಯಲಿನಲ್ಲಿ ಕುಂಟೆಬಿಲ್ಲೆ ಆಡಿದ್ದನ್ನು ನಾನೇ ಕಂಡಿದ್ದೇನೆ. ಹೆಂಗಸರ ನೆರಳಿಗೆ ಇಂಥ ಚಾಳಿ ಇಲ್ಲ, ಅವರು ಮಾಡಿದ್ದನ್ನೇ ಅದೂ ಮಾಡುತ್ತದೆ. ಯಾಕೆ ಹೀಗೆ ಎಂದು ಯಾರೂ ಕೇಳುವುದಿಲ್ಲ. ಪಕ್ಕದ ಬಾವಿ ಸಪ್ಪೆ, ನಮ್ಮ ಬಾವಿ ಸಿಹಿ ಏಕೆ ಎಂದು ಯಾರಾದರೂ ಕೇಳುತ್ತಾರೆಯೇ?

ಅದಕ್ಕೆ ತಕ್ಕ ಹಾಗೆ ಊರು ಹೊಂದಿಕೊಂಡಿದೆ. ಮದುವೆಗಳೆಲ್ಲ ಅಭಿಜಿನ್ ಲಗ್ನದಲ್ಲೇ, ನೆತ್ತಿಯ ಮೇಲೆ ಸೂರ್ಯ ಬಂದು ನೆರಳು ಕಾಲಡಿ ಸೇರಿದಾಗ. ಹೆಣ್ಣು ನೋಡಲು ಬಂದವರನ್ನು ಅಂಗಳದಲ್ಲಿ ನಿಲ್ಲಿಸುವುದಿಲ್ಲ. ಅಂಗಡಿಗಳಿಗೆಲ್ಲ ಉದ್ದುದ್ದ ಚಪ್ಪರ. ಹುಣ್ಣಿಮೆಯಲ್ಲೂ ಕೊಡೆ ಬೇಕು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ ಎಂಬ ಗಾದೆ ಹೇಳಿ ಪರಸ್ಥಳದವರು ನಮ್ಮನ್ನು ನೋಡಿ ನಗುತ್ತಾರೆ. ನಗಲಿ ಬಿಡಿ. ಬೇರೆ ಕಡೆ ಹೆಣ್ಣುಮಕ್ಕಳಿಗೆ ತಲೆ ತಗ್ಗಿಸಿ ನಡೆ ಎಂದು ಹೇಳಿಕೊಡುತ್ತಾರಂತೆ. ನಮ್ಮಲ್ಲಿ ತದ್ವಿರುದ್ಧ. ಗಂಡಸರ ಎದುರು ನೆಲ ನೋಡುವುದು ಮರ್ಯಾದೆಗೇಡು, ಆದ್ದರಿಂದ ನಮ್ಮ ಹೆಣ್ಣುಮಕ್ಕಳು ತಲೆ ಎತ್ತಿಯೇ ಮಾತಾಡುತ್ತಾರೆ. ಇದರಿಂದ ಪರವೂರಿನ ಬೀಗರಿಗೆ ಸ್ವಲ್ಪ ಗಾಬರಿಯಾಗುವುದುಂಟು.

ನನ್ನ ಹೆಂಡತಿ ಇಂದ್ರಾಣಿ ಪರವೂರಿನವಳೇ. ಅವಳನ್ನು ಮನೆ ತುಂಬಿಸಿಕೊಂಡ ದಿನ ನಮ್ಮಮ್ಮ ಹತ್ತು ಜನರ ಎದುರಿಗೆ, “ನೋಡಮ್ಮ, ನಮ್ಮಲ್ಲಿ ಗಂಡಸರ ಮುಖ ನೋಡಿ ಮಾತಾಡ್ಬೇಕು, ಕಾಲು ನೋಡಿ ಅಲ್ಲ” ಎಂದಳು. ಇಂದ್ರಾಣಿ ಅದನ್ನು ಚಾಚೂ ತಪ್ಪದೆ ಪಾಲಿಸಿದಳು. ಹನ್ನೊಂದು ವರ್ಷದಲ್ಲಿ ಒಂದು ಸಲವೂ ಅವಳ ಕಣ್ಣು ನನ್ನ ಎದೆಯಿಂದ ಕೆಳಗೆ ಇಳಿದದ್ದನ್ನು ನಾನು ನೋಡಲಿಲ್ಲ. ಇಂಥ ಹೆಂಡತಿ ಸಿಕ್ಕಿದ್ದಕ್ಕೆ ನನಗೆ ಒಳಗೊಳಗೇ ಜಂಬವೂ ಇತ್ತು.

ಎಂಟು ವರ್ಷ ನಮಗೆ ಮಕ್ಕಳಿರಲಿಲ್ಲ. ಆಮೇಲೆ ಇಂದ್ರಾಣಿ ಬಸುರಿಯಾದಳು. ಒಂಬತ್ತು ತುಂಬುವ ಹೊತ್ತಿಗೆ ಏನೋ ಹೆಚ್ಚುಕಡಿಮೆಯಾಗಿ ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿಯವರು ಕೈಲಾದದ್ದನ್ನೆಲ್ಲ ಮಾಡಿದರು. ತಾಯಿ ಉಳಿದಳು, ಮಗು ಉಳಿಯಲಿಲ್ಲ. ಇಂದ್ರಾಣಿಗೆ ಎರಡು ದಿನ ಪ್ರಜ್ಞೆಯೇ ಇರಲಿಲ್ಲ. ಅಷ್ಟು ಹೊತ್ತು ಕಾಯಲಾಗದು ಎಂದು ಹಿರಿಯರು ಹೇಳಿದ್ದರಿಂದ ಬಿಳಿ ಪಂಚೆಯಲ್ಲಿ ಸುತ್ತಿದ ಮಗುವನ್ನು ನಾನೇ ಎತ್ತಿಕೊಂಡು, ಇಬ್ಬರು ಚಿಕ್ಕಪ್ಪಂದಿರ ಜೊತೆ ಕಾಲುವೆಯ ಆಚೆ ಹೋಗಿ, ಮಣ್ಣು ಮಾಡಿ ಬಂದೆ. ಎಚ್ಚರವಾದಾಗ ಇಂದ್ರಾಣಿ ಕೇಳಿದ್ದು ಎರಡೇ ಮಾತು. “ಏನು ಮಗು?” ಎಂದಳು. ಹೆಣ್ಣು ಎಂದೆ. “ಹೇಗಿದ್ದಳು?” ಎಂದಳು. “ಅದೆಲ್ಲ ಈಗ್ಯಾಕೆ, ನೀನು ಸುಧಾರಿಸ್ಕೋ” ಎಂದೆ. ಅವಳ ಒಳ್ಳೆಯದಕ್ಕೇ ಹೇಳಿದೆ ಎಂದುಕೊಂಡಿದ್ದೆ. ಆಮೇಲೆ ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ.

ಕಾಲುವೆಯಿಂದ ವಾಪಸು ಬರುವಾಗಲೇ ನನಗೆ ಗೊತ್ತಾಯಿತು. ನನ್ನ ಎರಡೂ ಕೈ ಬರಿದಾಗಿ ಜೋತುಬಿದ್ದಿದ್ದವು. ದಾರಿಯ ಮೇಲೆ ನನ್ನ ನೆರಳು ಮಾತ್ರ ಎರಡು ತೋಳನ್ನೂ ಎದೆಯ ಮುಂದೆ ಮಡಚಿ, ಏನನ್ನೋ ಎತ್ತಿಕೊಂಡು ನಡೆಯುತ್ತಿತ್ತು. ಏನನ್ನೋ ಏನು ಬಂತು, ಮಗುವನ್ನೇ. ಮರುದಿನವೂ ಹಾಗೇ. ಒಂದು ತಿಂಗಳಾದರೂ ಹಾಗೇ. ನಾನು ಸುತ್ತಿಗೆ ಹಿಡಿದರೂ, ಸೈಕಲ್ ತುಳಿದರೂ, ಬೀಡಿ ಹಚ್ಚಿದರೂ ನನ್ನ ನೆರಳು ಅದನ್ನು ಕೆಳಗಿಳಿಸಲಿಲ್ಲ. ಅಳುವ ಗಂಡಸನ್ನು ನಂಬಬೇಡ ಎಂದು ಕೇಳಿ ಬೆಳೆದವನು ನಾನು, ಊರಿನ ಗಂಡಸರ ಮಾನ ಮುಚ್ಚಿ ಹೊಟ್ಟೆ ಹೊರೆಯುವವನು. ನಾನೇ ಹೀಗೆ ಬಯಲಾದರೆ ಹೇಗೆ? ಆದ್ದರಿಂದ ನನಗೆಂದೇ ಹದಿನಾರು ಕಡ್ಡಿಯ ಒಂದು ಕೊಡೆ ಮಾಡಿಕೊಂಡೆ. ಎಂಟು ಕಡ್ಡಿಯದು ಸಾಮಾನ್ಯರಿಗೆ, ಹನ್ನೆರಡರದು ಹೆಚ್ಚೆಂದರೆ ಸಾಲದಲ್ಲಿ ಮುಳುಗಿದವರಿಗೆ. ಹದಿನಾರರದು ಊರಲ್ಲಿ ನನ್ನದೊಂದೇ. ಎರಡು ಪದರ ಬಟ್ಟೆ, ಅಂಚಿಗೆ ಗೇಣುದ್ದ ಇಳಿಬಿಟ್ಟ ಜಾಲರಿ. ಅದರ ಕೆಳಗೆ ಒಂದು ಸಂಸಾರವೇ ನಿಲ್ಲಬಹುದಿತ್ತು, ನಾನೊಬ್ಬನೇ ನಿಂತೆ.

ಹೀಗೆ ಮೂರು ವರ್ಷ. ನಮ್ಮ ಮನೆಯಲ್ಲಿ ಜಗಳ ಆಗಲಿಲ್ಲ. ಊಟ ಆಯ್ತಾ, ಆಯ್ತು. ಉಪ್ಪು ಸಾಕಾ, ಸಾಕು. ಇಂದ್ರಾಣಿಯ ದನಿ ದಿನದಿನಕ್ಕೆ ಸಣ್ಣದಾಗುತ್ತಾ ಹೋದದ್ದು ನನಗೆ ಕೇಳಿಸುತ್ತಿತ್ತು. ಏನು ಮಾಡಬೇಕೆಂದು ತೋಚದೆ ಅಡುಗೆಮನೆಯ ಶೆಲ್ಫು ಬಿಗಿ ಮಾಡಿದೆ, ಬಚ್ಚಲಿನ ನಲ್ಲಿ ಬದಲಾಯಿಸಿದೆ, ಮಾಡಿನ ಹೆಂಚು ಸರಿಯಾಗಿ ಹೊದಿಸಿದೆ. ಮನೆ ಗಟ್ಟಿಯಾಗುತ್ತಾ ಬಂತು.

ಹೋದ ಬೇಸಿಗೆಯ ಒಂದು ಗುರುವಾರ ಅವಳು ಬಡಿಸುತ್ತಾ ಹೇಳಿದಳು. “ಅಕ್ಕನ ಊರಲ್ಲಿ ಹೊಲಿಗೆ ಹೇಳಿಕೊಡೋ ಕೆಲಸ ಇದೆಯಂತೆ. ಸೋಮವಾರದ ಬಸ್ಸಿಗೆ ಹೋಗ್ತೀನಿ.”

“ಯಾವಾಗ ಬರ್ತೀಯ?”

“ಗೊತ್ತಿಲ್ಲ.”

ಗೊತ್ತಿಲ್ಲ ಎಂದರೆ ಬರುವುದಿಲ್ಲ ಎಂದು ಅರ್ಥ. ಅದು ನನಗೂ ತಿಳಿಯಿತು, ನನಗೆ ತಿಳಿಯಿತೆಂದು ಅವಳಿಗೂ ತಿಳಿಯಿತು. ನೀರು ಕುಡಿದು, “ಆಯ್ತು” ಎಂದೆ. ಊಟ ಮುಗಿಸಿ ಅವಳ ಚೀಲದ ಜಿಪ್ಪು ಕೆಟ್ಟಿತ್ತಲ್ಲ, ಅದನ್ನು ತೆಗೆದುಕೊಂಡು ಅಂಗಡಿಗೆ ಹೋದೆ.

ಶನಿವಾರ ಜಟ್ಟೆಪ್ಪ ಬಂದ. ಅವನು ನನ್ನ ಜೊತೆ ಓದಿದವನು, ಗರಡಿಯ ಪೈಲ್ವಾನ. ಆಳು ಬಾಗಿಲಿನಷ್ಟು ಅಗಲ, ಆದರೆ ಕುಸ್ತಿ ಹತ್ತಿರ ಬಂದಂತೆ ಅವನ ನೆರಳಿಗೆ ನಡುಕ ಹುಟ್ಟುತ್ತದೆ. ಅದನ್ನು ಬಲ್ಲವನು ಅವನ ಕೊಡೆ ಮಾಡುವ ನಾನೊಬ್ಬನೇ ಎಂದು ಅವನ ನಂಬಿಕೆ. ಕಡ್ಡಿ ಮುರಿದ ಕೊಡೆಯನ್ನು ನನ್ನ ಮುಂದೆ ಇಟ್ಟು ಸ್ಟೂಲಿನ ಮೇಲೆ ಕೂತ. ಇಂದ್ರಾಣಿಯ ವಿಷಯ ಅವನಿಗೂ ತಲುಪಿತ್ತು.

“ಹೋಗ್ತಾರಂತೆ ಹೌದೇನೋ?”

“ಹೂಂ. ಸೋಮವಾರ.”

“ನೀನೇನ್ ಅಂದೆ?”

“ಜಿಪ್ಪು ಸರಿ ಮಾಡ್ಕೊಟ್ಟೆ.”

“ಒಳ್ಳೇದ್ ಮಾಡ್ದೆ” ಎಂದ ಜಟ್ಟೆಪ್ಪ, ಗಂಭೀರವಾಗಿಯೇ. ಆಮೇಲೆ ಸ್ಟೂಲನ್ನು ಹತ್ತಿರ ಎಳೆದುಕೊಂಡ. “ನಮ್ಮನೇಲೊಂದು ವಿಚಿತ್ರ ಐತೆ ಕಣೋ. ಕುಸ್ತಿ ಹಿಂದಿನ ದಿನ ನಾನು ತುಟಿ ಪಿಟಕ್ ಅಂದಿರಲ್ಲ. ಅವಳೇ ಹರಳೆಣ್ಣೆ ಬೆಚ್ಚಗೆ ಮಾಡ್ಕೊಂಡು ಬಂದು ಅಂಗಾಲಿಗೆ ತಿಕ್ತಾಳೆ. ನಂಗೆ ನಿದ್ದೆ ಹತ್ತೋವರ್ಗೂ ತಿಕ್ತಾಳೆ. ಹೆಂಗ್ ಗೊತ್ತಾಗುತ್ತೋ ಏನೋ.”

“ಅಭ್ಯಾಸ ಇರ್ಬೇಕು” ಎಂದೆ.

“ಅಭ್ಯಾಸಾನೇ ಇರ್ಬೇಕು” ಎಂದ. ಇಬ್ಬರು ಪೆದ್ದರು ಒಂದೇ ಅಂಗಡಿಯಲ್ಲಿ ಕೂತಿದ್ದೆವು ಎಂದು ಈಗ ಅನಿಸುತ್ತದೆ. ಏಳುವ ಮುಂಚೆ ಅವನು ನನ್ನ ದೊಡ್ಡ ಕೊಡೆಯನ್ನು ನೋಡಿ, “ಒಂದ್ ದಿನ ಇದನ್ನ ಮಡಚಿ ನಿನ್ನ ಹೆಂಡ್ತಿ ಮುಂದೆ ನಡಿ. ನಿನ್ನೊಳಗೆ ಏನಿದೆ ಅಂತ ಕಾಣ್ಲಿ” ಎಂದ.

“ನೀನಾಗಿದ್ರೆ ಮಾಡ್ತಿದ್ದಾ?”

“ತಲೆ ಕೆಟ್ಟಿದೆಯಾ ನಿಂಗೆ? ನಾನ್ಯಾಕ್ ಮಾಡ್ಲಿ” ಎಂದು ರಿಪೇರಿಯಾದ ತನ್ನ ಕೊಡೆ ಬಿಚ್ಚಿಕೊಂಡು ಹೊರಟುಹೋದ.

ಆದರೆ ಆ ಮಾತು ನನ್ನ ತಲೆಯಲ್ಲಿ ಕೂತಿತು. ಭಾನುವಾರ ಇಡೀ ಯೋಚಿಸಿದೆ. ಇಂದ್ರಾಣಿ ನನ್ನನ್ನು ಕಲ್ಲು ಎಂದುಕೊಂಡು ಹೋಗುತ್ತಿದ್ದಾಳೆ, ನಾನು ಕಲ್ಲಲ್ಲ ಎಂದು ಒಂದೇ ಒಂದು ಸಲ ಅವಳ ಕಣ್ಣಿಗೆ ಬಿದ್ದರೆ ನಿಂತಾಳು. ಬಾಯಿ ಬಿಟ್ಟು ಹೇಳುವ ಶಕ್ತಿ ನನಗಿರಲಿಲ್ಲ. ನೆರಳಿಗಾದರೂ ಇತ್ತಲ್ಲ.

ಸೋಮವಾರ ಹತ್ತು ಗಂಟೆಗೆ ಹೊರಟೆವು. ಬಸ್ಸು ಹತ್ತೂವರೆಗೆ. ಎಡಗೈಯಲ್ಲಿ ಅವಳ ಚೀಲ, ಬಲಗೈಯಲ್ಲಿ ಕೊಡೆ. ಅವಳು ನನ್ನಿಂದ ಎರಡು ಹೆಜ್ಜೆ ಆಚೆ ಕೊಡೆಯ ಹೊರಗೆ ನಡೆಯುತ್ತಿದ್ದಳು, ಮೂರು ವರ್ಷದಿಂದ ಹಾಗೆಯೇ ನಡೆಯುತ್ತಿದ್ದಳು. ಪೇಟೆಯ ನಡುವೆ, ಹೂವಿನ ಅಂಗಡಿಗಳು ಮುಗಿಯುವಲ್ಲಿ ನಾನು ನಿಂತೆ. ಕೊಡೆ ಮಡಚಿದೆ.

ಪೇಟೆಯ ಸದ್ದು ಅರ್ಧ ಇಳಿದುಹೋಯಿತು. ಕ್ಷೌರದಂಗಡಿಯವನು ಗಿರಾಕಿಯ ಕೆನ್ನೆಗೆ ಸೋಪು ಹಚ್ಚುವುದನ್ನು ಬಿಟ್ಟು ಗೋಡೆಯ ಕಡೆ ತಿರುಗಿದ. ಎದುರು ಬಂದ ಗುಮಾಸ್ತರು ಬಟ್ಟೆ ಇಲ್ಲದವನನ್ನು ಕಂಡಂತೆ ಸರಸರ ಓಣಿಗೆ ಹೊಕ್ಕರು. ಬಿಸಿ ಡಾಂಬರಿನ ಮೇಲೆ, ಎಲ್ಲರ ಕಣ್ಣೆದುರಿಗೆ, ನನ್ನ ನೆರಳು ತೋಳಲ್ಲಿ ಮಗುವನ್ನು ಇಟ್ಟುಕೊಂಡು ನಿಧಾನವಾಗಿ ಆ ಕಡೆ ಈ ಕಡೆ ತೂಗುತ್ತಿತ್ತು. ನಾಚಿಕೆಯಿಂದ ನನ್ನ ಕಿವಿ ಸುಟ್ಟುಹೋಯಿತು. ಆದರೂ ನಿಂತೆ.

ಇಂದ್ರಾಣಿ ನನ್ನ ಮುಖವನ್ನೇ ನೋಡುತ್ತಿದ್ದಳು. “ಬಸ್ಸಿಗೆ ಹೊತ್ತಾಗುತ್ತೆ” ಎಂದಳು. ಮುಂದೆ ನಡೆದಳು.

ನಾನೂ ನಡೆದೆ. ಅವಳು ನೋಡಲಿ ಎಂದು ನೆರಳು ಅವಳ ಮುಂದೆಯೇ ಬೀಳುವಂತೆ ಹೆಜ್ಜೆ ಹಾಕಿದೆ. ಅವಳ ತಲೆ ಎತ್ತಿದ್ದು ಎತ್ತಿದ ಹಾಗೇ ಇತ್ತು. ಬಸ್ ಸ್ಟ್ಯಾಂಡಿನ ಬೇವಿನ ಮರ ಬರುವ ಹೊತ್ತಿಗೆ ನನಗೆ ಸಿಟ್ಟೇ ಬಂತು. ಊರಿನ ಮುಂದೆ ಮಾನ ಕಳೆದುಕೊಂಡು ತೋರಿಸಿದರೂ ಇವಳು ಮರ್ಯಾದೆ ಬಿಡುವುದಿಲ್ಲವಲ್ಲ ಎಂದು.

“ಕೆಳಗೆ ನೋಡೇ ಒಂದ್ಸಲ” ಎಂದೆ.

“ನೋಡಿದೀನಿ.”

“ಎಲ್ಲಿ ನೋಡಿದೆ, ಮುಖ ಬಿಟ್ಟು ನೀನು…”

“ಇವತ್ತಲ್ಲ ರೀ. ಮೂರು ವರ್ಷದಿಂದ ನೋಡ್ತಾ ಇದೀನಿ.” ಅವಳು ಬೇವಿನ ಕಟ್ಟೆಯ ಮೇಲೆ ಕೂತಳು. “ಬೆಳಗ್ಗೆ ಎದ್ದು ಅಂಗಳದಲ್ಲಿ ಮುಖ ತೊಳೆಯೋವಾಗ ಕೊಡೆ ಹಿಡ್ಕೊಂಡಿರ್ತಿದ್ರಾ ನೀವು? ನಾನು ಅಲ್ಲೇ ಗುಡಿಸ್ತಾ ಇರ್ತಿದ್ದೆ.”

ಮಡಚಿದ ಕೊಡೆಯನ್ನು ಕಟ್ಟೆಗೆ ಒರಗಿಸಿದೆ.

“ನಿಮ್ಮಮ್ಮ ಹತ್ತು ಜನರ ಮುಂದೆ ಮುಖ ನೋಡು ಅಂದ್ರು. ಆಮೇಲೆ ಅಡುಗೆಮನೆಗೆ ಕರ್ಕೊಂಡು ಹೋಗಿ, ಅಂಗಳ ಗುಡಿಸೋವಾಗ ಅವಸರ ಮಾಡ್ಬೇಡ, ಇವನು ಬಾಯಿ ಬಿಡೋನಲ್ಲ, ನೆಲ ನೋಡಿ ತಿಳ್ಕೋ ಅಂದ್ರು. ಗುಡಿಸೋರು, ಸಾರಿಸೋರು, ರಂಗೋಲಿ ಹಾಕೋರು, ಮೆಣಸಿನಕಾಯಿ ಹರಡೋರು ನಾವು. ದಿನಾ ಬಗ್ಗಿ ಕೆಲಸ ಮಾಡೋರಿಗೆ ನೆಲ ಕಾಣದೆ ಇನ್ನೇನು ಕಾಣುತ್ತೆ? ಊರಿನ ಹೆಂಗಸರಿಗೆಲ್ಲ ಅವರವರ ಗಂಡಂದಿರ ನೆರಳು ಗೊತ್ತು. ಹೇಳಲ್ಲ ಅಷ್ಟೆ. ಹೇಳಿದ್ರೆ ನೀವು ಅಂಗಳಕ್ಕೂ ಚಪ್ಪರ ಹಾಕ್ಬಿಡ್ತೀರಲ್ಲ.”

ಅಪ್ಪನ ಕಾಲದಿಂದ ನಾವು ಕಟ್ಟಿಕೊಟ್ಟ ಕೊಡೆಗಳೆಲ್ಲ ನನ್ನ ಕಣ್ಣ ಮುಂದೆ ಬಂದವು. ಜಟ್ಟೆಪ್ಪನ ಹರಳೆಣ್ಣೆಯೂ ಬಂತು. ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆನೇನೋ. ಅವತ್ತು ನಗು ಬರಲಿಲ್ಲ, ಒಂದು ಥರದ ಭಯ ಬಂತು. ಅವಳಿಗೆ ಎಲ್ಲ ಗೊತ್ತಿದ್ದೂ ಹೊರಟಿದ್ದಾಳೆ ಎಂದರೆ ತೋರಿಸಲು ನನ್ನ ಹತ್ತಿರ ಇನ್ನೇನೂ ಉಳಿದಿರಲಿಲ್ಲ.

“ನೋಡಿಯೂ ಹೋಗ್ತಿದ್ದೀಯಾ?” ಎಂದೆ.

“ನೋಡಿ ನೋಡಿ ಸಾಕಾಗಿ ಹೋಗ್ತಾ ಇದೀನಿ.” ಅವಳ ದನಿ ಮೊದಲ ಸಲ ಏರಿತು. “ಮಗು ಹೋದ ಮೇಲೆ ನೀವು ಮಾಡಿದ ಮೊದಲ ಕೆಲಸ ಅಂದ್ರೆ ಕೊಡೆ ದೊಡ್ಡದು ಮಾಡಿದ್ದು. ಆಯ್ತು, ಅದೂ ಹೋಗ್ಲಿ. ದಿನಾ ಬೆಳಗ್ಗೆ ನಿಮ್ಮ ನೆರಳು ಅವಳನ್ನ ಎತ್ಕೊಂಡಿರೋದು ನೋಡ್ತಿದ್ದೆ. ಪೊರಕೆ ಹಿಡ್ಕೊಂಡೇ ಹತ್ರ ಹೋಗ್ತಿದ್ದೆ. ಎಷ್ಟು ಬಗ್ಗಿ ನೋಡಿದ್ರೂ ಕಪ್ಪೇ. ನೆರಳಿಗೆ ಮುಖ ಇರಲ್ಲ ರೀ. ಅವಳ ಮುಖ ನೋಡಿರೋದು ನೀವೊಬ್ರೇ. ಒಂಬತ್ತು ತಿಂಗಳು ಹೊತ್ತೋಳು ನಾನು, ನನ್ನ ಮಗಳು ಹೇಗಿದ್ದಳು ಅಂತ ನಂಗೊತ್ತಿಲ್ಲ. ಕೇಳಿದ್ರೆ ಸುಧಾರಿಸ್ಕೋ ಅಂದ್ರಿ. ನೀವು ಅಳ್ಬೇಕು ಅಂತ ನಾನು ಕೇಳಿದ್ನಾ? ಹೇಗಿದ್ದಳು ಅಂತ ತಾನೇ ಕೇಳಿದ್ದು.”

ಅವಳ ಮಗಳ ಮುಖವನ್ನು ಮೂರು ವರ್ಷ ನಾನೊಬ್ಬನೇ ಇಟ್ಟುಕೊಂಡಿದ್ದೆ. ನನ್ನ ದುಃಖವನ್ನು ಮುಚ್ಚಿಡುತ್ತಿದ್ದೇನೆ ಎಂದುಕೊಂಡು ಅವಳದನ್ನೂ ಮುಚ್ಚಿಟ್ಟಿದ್ದೆ. ಅದು ಆಗ ತಿಳಿಯಿತು, ಬೇವಿನ ಕಟ್ಟೆಯ ಎದುರು ನಿಂತುಕೊಂಡು, ಮೂವತ್ತೊಂಬತ್ತನೇ ವಯಸ್ಸಿನಲ್ಲಿ.

“ನೀನು ಕುಸಿದುಹೋಗ್ತೀಯ ಅಂತ ಹೇಳಲಿಲ್ಲ” ಎಂದೆ. ಆ ಮಾತು ನನಗೇ ಸರಿ ಅನಿಸಲಿಲ್ಲ. “ಅಲ್ಲ, ಅದು ಸುಳ್ಳು. ನಾನು ಕುಸಿದುಹೋಗ್ತೀನಿ ಅಂತ ಹೆದರಿಕೆ ಇತ್ತು.”

ಅವಳು ಕಟ್ಟೆಯ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದಳು. ಕೂತೆ.

“ಕೂದಲು ಬಹಳ ಇತ್ತು” ಎಂದೆ. ಅಷ್ಟಕ್ಕೇ ಕಣ್ಣಲ್ಲಿ ನೀರು ಬಂದು ಗಲ್ಲದವರೆಗೆ ಇಳಿಯಿತು, ಒರೆಸಿಕೊಳ್ಳಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಜನ ಇದ್ದರು, ಇರಲಿ. “ಕಿವಿ ಮುಚ್ಚೋಷ್ಟು ಕೂದಲು. ಒದ್ದೆಯಾಗಿ ಹಣೆಗೆ ಅಂಟ್ಕೊಂಡಿತ್ತು. ನಾನೇ ಹಿಂದಕ್ಕೆ ಸರಿಸ್ದೆ. ಹಣೆ ನಿನ್ನದೇ, ಅಗಲ.”

“ಬಣ್ಣ?”

“ನನ್ನಷ್ಟು ಕಪ್ಪಲ್ಲ. ನಿನ್ನಷ್ಟು ಬಿಳುಪೂ ಅಲ್ಲ. ಎಡಗಿವಿ ಮೇಲ್ಗಡೆ ಸ್ವಲ್ಪ ಮಡಚ್ಕೊಂಡಿತ್ತು.”

“ನಮ್ಮಪ್ಪಂದು ಹಾಗೇ ಇತ್ತು” ಎಂದಳು ಇಂದ್ರಾಣಿ. ತನ್ನ ಕಿವಿ ಮುಟ್ಟಿಕೊಂಡಳು.

“ಹುಬ್ಬು ಗಂಟು ಹಾಕ್ಕೊಂಡಿದ್ದಳು. ತರಕಾರಿಯೋನು ಬೆಲೆ ಜಾಸ್ತಿ ಹೇಳಿದ್ರೆ ನೀನು ಮಾಡ್ತೀಯಲ್ಲ, ಥೇಟ್ ಹಂಗೆ.”

ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂದು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಗ ಹತ್ತೂವರೆಯ ಬಸ್ಸು ಬಂತು. ಜನ ಹತ್ತಿದರು. ಕಂಡಕ್ಟರ್ ನಮ್ಮ ಚೀಲ ನೋಡಿ, “ಅಕ್ಕಾ, ಬರ್ತೀರೇನು?” ಎಂದು ಕೂಗಿದ. ಇಂದ್ರಾಣಿ ಅವನ ಕಡೆ ತಿರುಗದೆಯೇ ಹೋಗು ಎಂದು ಕೈ ಮಾಡಿದಳು. ಬಸ್ಸು ಹೋಯಿತು. ಎರಡು ಗಂಟೆಗೆ ಇನ್ನೊಂದಿದೆ, ಐದಕ್ಕೆ ಮತ್ತೊಂದು. ಅವುಗಳಲ್ಲಿ ಅವಳು ಹತ್ತುತ್ತಾಳೋ ಇಲ್ಲವೋ ನನಗೆ ಗೊತ್ತಿರಲಿಲ್ಲ, ಕೇಳಲೂ ಇಲ್ಲ. ಕೇಳುವ ಸರದಿ ಅವಳದಾಗಿತ್ತು.

ಕೈ ಹೇಗಿತ್ತು, ಉಗುರು ಬಂದಿತ್ತಾ, ತುಟಿ ಯಾರದು ಎಂದು ಒಂದೊಂದಾಗಿ ಕೇಳಿದಳು. ಮರೆತಿದ್ದೇನೆ ಎಂದುಕೊಂಡಿದ್ದೆಲ್ಲ ನೆನಪಿತ್ತು. ಬಲಗೈ ಮುಷ್ಟಿ ಬಿಗಿದಿತ್ತು ಎಂದೆ, ಬಿಡಿಸಲು ಮನಸ್ಸಾಗಲಿಲ್ಲ ಎಂದೆ. ಕಾಲಿನ ಎರಡನೇ ಬೆರಳು ಹೆಬ್ಬೆರಳಿಗಿಂತ ಉದ್ದ, ಅದು ನನ್ನದು ಎಂದೆ. ಕಣ್ಣು ಹೇಗಿತ್ತು ಎಂದಾಗ ಮಾತ್ರ, “ತೆರೆದಿರಲಿಲ್ಲ, ನಂಗೂ ಗೊತ್ತಿಲ್ಲ” ಎಂದೆ. ಅದು ನಮ್ಮಿಬ್ಬರಿಗೂ ಗೊತ್ತಿಲ್ಲದ್ದು.

ಆಮೇಲೆ ಅವಳು ಎದ್ದು ಬಿಸಿಲಿಗೆ ಬಂದು ನಿಂತಳು. ಎರಡು ಕೈಯನ್ನೂ ಮುಂದೆ ಚಾಚಿದಳು.

“ನೀವು ಹೇಗೆ ಎತ್ಕೊಂಡಿದ್ರಿ, ತೋರಿಸಿ.”

ನಾನು ಅವಳ ಎಡಗೈ ಹಿಡಿದು ಮೊಣಕೈ ಮಡಚಿದೆ. ಬಲಗೈಯನ್ನು ಅದರ ಕೆಳಗೆ ತಂದೆ. “ತಲೆ ಈ ಕಡೆ ಇತ್ತು. ಇನ್ನೊಂಚೂರು ಮೇಲೆ. ಕತ್ತಿಗೆ ಆಸರೆ ಬೇಕು.”

“ಹೀಗಾ?”

“ಹಾಂ, ಹೀಗೆ.”

“ಭಾರ ಇದ್ದಳಾ?”

“ಇದ್ದಳು” ಎಂದೆ. “ಕೈ ಸೋತಿತ್ತು.”

ಇಂದ್ರಾಣಿಯ ತೋಳು ಒಂದಿಷ್ಟು ಕೆಳಗೆ ಜಗ್ಗಿತು. ಅವಳು ತಲೆ ಬಗ್ಗಿಸಿ, ಖಾಲಿ ತೋಳಿನೊಳಗೆ ನೋಡುತ್ತಾ, ಮಗಳ ಅಗಲವಾದ ಹಣೆಯ ಮೇಲಿನ ಕೂದಲನ್ನು ಹಿಂದಕ್ಕೆ ಸರಿಸಿದಳು.